ಮಂಕಿ ಟೋಪಿಯೊಳಗೊಂದು ವೀಕೆಂಡು

"ಇದು ನಿನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ" ಎಂದು ನನಗೆ ಜೀವನದಲ್ಲಿ ಇಬ್ಬರು ಹೇಳಿದ್ದಾರೆ. ಮೊದಲನೆಯವರು ನಮ್ಮೂರ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರ್ ವಾಸಪ್ಪನವರು. ನಾನು ಬಿ.ಕಾಂ. ಸೇರುತ್ತೇನೆಂದಾಗ ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ನಿಮ್ಮ ಮನೇಲಿ ಎಸ್ಸೆಲ್ಸಿ ದಾಟಿದೋರು ಯಾರಿದಾರೆ ಹೇಳು? ಡಿಗ್ರಿ ಅಂದ್ರೆ ಕಣದಲ್ಲಿ ಕಾಫಿ ಒಣಗಿಸಿದಂಗಲ್ಲ ಮಾರಾಯ" ಎಂದಿದ್ದರು. ನಾನು ಮುಗಿಸಿದೆ. ಅಕೌಂಟ್ಸಿನಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ಮತ್ತೆ ಡುಮ್ಕಿ ಹೊಡೆದು, ಕೊನೆಗೆ ಅಕೌಂಟ್ಸಿಗೇ ಬೇಸರ ಬಂದು ನನ್ನನ್ನು ಪಾಸು ಮಾಡಿ ಕಳಿಸಿತು. ಹೇಗೇ ಆಗಲಿ, ನಮ್ಮ ವಂಶದ ಮೊಟ್ಟಮೊದಲ ಪದವೀಧರ ನಾನೇ. ಇದನ್ನು ಯಾರು ಕೇಳಿದರೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ಎರಡನೆಯವಳು ನನ್ನ ಹೆಂಡತಿ ಸುಮಿತ್ರಾ. ಅವಳು ಆಗದೆಂದದ್ದು ಬಿ.ಕಾಂ.ಗಿಂತ ಕಷ್ಟದ ಕೆಲಸ. ಬೆಂಗಳೂರಿನಲ್ಲಿ ಸಂಸಾರ ಮಾಡಿಕೊಂಡು ಒಂದೇ ಒಂದು ವೀಕೆಂಡನ್ನು ಸಂತೋಷವಾಗಿ ಕಳೆಯುವುದು!

ನಮ್ಮ ಆಫೀಸಿಗೆ ಶನಿವಾರ, ಭಾನುವಾರ ಎರಡೂ ರಜೆ. ಹೊರಗಿನಿಂದ ನೋಡುವವರಿಗೆ ಇದು ಭಾಗ್ಯ. ಒಳಗಿನ ಕಥೆ ಬೇರೆ. ಶನಿವಾರ ಬೆಳಿಗ್ಗೆ ಗ್ಯಾಸ್ ಸಿಲಿಂಡರಿಗೆ ಕಾಯುವುದು, ಮಧ್ಯಾಹ್ನ ನೀರಿನ ಟ್ಯಾಂಕರಿಗೆ ಕಾಯುವುದು, ಸಂಜೆ ಕರೆಂಟಿಗೆ ಕಾಯುವುದು. ಭಾನುವಾರ ಪಾರ್ಕಿಗೆ ಹೋದರೆ ಉಯ್ಯಾಲೆಗೆ ಕ್ಯೂ. ಹೋಟೆಲಿಗೆ ಹೋದರೆ ಊಟ ಮಾಡುವವರ ಬೆನ್ನ ಹಿಂದೆ ನಿಂತು, ಅವರು ಮಜ್ಜಿಗೆ ಕುಡಿದು ಏಳುವುದನ್ನೇ ನೋಡುತ್ತಿರಬೇಕು. ಸೋಮವಾರ ಬಂದರೆ ಸಾಕಪ್ಪ, ಆಫೀಸಿಗೆ ಹೋಗಿ ಸ್ವಲ್ಪ ಸುಧಾರಿಸಿಕೊಳ್ಳೋಣ ಎನ್ನಿಸುತ್ತಿತ್ತು.

"ಊರಿಗೆ ಹೋಗಿ ಬರೋಣ" ಎಂದರೆ ಸುಮಿತ್ರಾ ಕೆರಳುತ್ತಿದ್ದಳು. "ನಿಮ್ಮ ನೆಂಟರ ಮನೆಗೆ ಹೋದ್ರೆ ನೀವು ಜಗಲೀಲಿ ಮಲಗ್ತೀರಾ, ನಾನು ಒಲೆ ಮುಂದೆ ನಿಲ್ತೀನಿ. ಅದು ರಜೆ ಅಲ್ಲ ರೀ, ವರ್ಗಾವಣೆ! ಒಂದು ದಿನ, ಯಾರೋ ಮಾಡಿ ಬಡಿಸಿದ್ದು ನಾನು ಕೂತು ತಿನ್ನಬೇಕು. ನಿಮ್ಮಿಂದ ಅದು ಈ ಜನ್ಮದಲ್ಲಿ ಆಗಲ್ಲ ಬಿಡಿ."

ಒಬ್ಬ ಪದವೀಧರನಿಗೆ ಈ ಮಾತು ಹೇಳಬಾರದು.

ಆಗಷ್ಟೇ ನಮ್ಮ ಕಾಫಿ ಸೀಮೆಯಲ್ಲಿ ಹೋಂಸ್ಟೇಗಳು ಅಣಬೆಯಂತೆ ಏಳುತ್ತಿದ್ದ ಕಾಲ. ಮೇಲಿನ ಮನೆಯ ನಾಗರಾಜ್ ಒಂದು ಫೋನ್ ನಂಬರು ಕೊಟ್ಟರು. ಆ ಕಡೆಯಿಂದ ಮಾತಾಡಿದವರು ಮಾಲೀಕರಾದ ಉಮೇಶ ಗೌಡರು. ಬಹಳ ಸೌಮ್ಯ ಮನುಷ್ಯ. "ನಮ್ಮ ಬುಕಿಂಗ್ ಆಫೀಸು ವಸ್ತಾರೇಲಿದೆ ಸಾರ್. ಸ್ಟೇ ಎಲ್ಲಿ ಬರುತ್ತೆ ಅಂದ್ರೆ..." ಎಂದು ಶುರು ಮಾಡಿದರು.

"ಗೊತ್ತು ಬಿಡಿ ಗೌಡ್ರೆ! ಆ ಕಡೆಯೆಲ್ಲ ನಂಗೆ ಹೇಳಬೇಕಾ?" ಎಂದು ನಾನು ನಕ್ಕೆ.

"ಅಲ್ಲ ಸಾರ್, ದಾರಿ ಸ್ವಲ್ಪ..."

"ಗೊತ್ತು ಗೊತ್ತು!"

ಪಾಪ, ಅವರು ಮತ್ತೆರಡು ಸಲ ಹೇಳಲು ನೋಡಿದರು. ನಾನು ಬಿಡಲಿಲ್ಲ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಮಲೆನಾಡಿನ ದಾರಿ ಹೇಳಿಸಿಕೊಳ್ಳುವ ಗತಿ ಬಂದಿಲ್ಲ!

ವಸ್ತಾರೆಯಾದರೆ ಚಿಕ್ಕಮಗಳೂರಿನ ಪಕ್ಕ. ನನಗೆ ಬೇಕಾದದ್ದೂ ಅದೇ. ಏಕೆಂದರೆ ನನ್ನ ಚಿಕ್ಕಮ್ಮ ಗಿರಿಜಮ್ಮ ಇರುವುದು ಕಳಸದಾಚೆ, ಸಂಸೆಯ ಹತ್ತಿರ. ನಡುವೆ ಸಾಕಷ್ಟು ಗುಡ್ಡವಿದೆ, ಹೊಳೆಯಿದೆ, ಕಾಡಿದೆ. ಅಷ್ಟೂ ನನ್ನ ರಕ್ಷಣೆಗೆ ಬೇಕಿತ್ತು.

ಚಿಕ್ಕಮ್ಮನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಹೈಸ್ಕೂಲು, ಪಿಯುಸಿ ಓದಿದ್ದು ಅವಳ ಮನೆಯಲ್ಲಿದ್ದುಕೊಂಡು. ಚಿಕ್ಕಮಗಳೂರಿನ ಹಾಸ್ಟೆಲಿಗೆ ಹೋದ ಮೇಲೂ ಅವಳ ಚಟ್ನಿಪುಡಿ ಡಬ್ಬಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತಪ್ಪದೆ ಬರುತ್ತಿತ್ತು. ನನ್ನನ್ನು ಮಗನೆಂದೇ ನಡೆಸಿಕೊಂಡವಳು. ಆದರೆ ಅವಳಿಗೊಂದು ಕಾನೂನಿದೆ. ನಮ್ಮವರು ಎನ್ನಿಸಿಕೊಂಡವರು ಆ ಸೀಮೆಗೆ ಬಂದರೆ ಅವಳ ಮನೆಯಲ್ಲಿ ಉಣ್ಣಬೇಕು. ಅವಳ ಸ್ವಂತ ಅಣ್ಣ, ಅಂದರೆ ನನ್ನ ಸೋದರಮಾವ, ಒಂದು ಸಲ ಕಳಸಕ್ಕೆ ಬಂದವನು ಅವಸರದಲ್ಲಿ ಹೋಟೆಲಿನಲ್ಲಿ ತಿಂದು ಬಸ್ಸು ಹತ್ತಿದ. ಸುದ್ದಿ ಅವನ ಬಸ್ಸಿಗಿಂತ ಮೊದಲೇ ಹೊರಟಿತ್ತು. ಮುಂದೆ ಅವನ ಮಗಳ ಮದುವೆಗೆ ಚಿಕ್ಕಮ್ಮ ಹೋದಳು, ಮುಯ್ಯಿ ಮಾಡಿದಳು, ಒಂದು ತೊಟ್ಟು ನೀರೂ ಕುಡಿಯದೆ ಎದ್ದು ಬಂದಳು. "ನಿಮ್ದು ಹೋಟ್ಲು ಅಭ್ಯಾಸ ಅಲ್ಲನ" ಎಂದಳಂತೆ. ಇವತ್ತಿಗೂ ಅವರಿಬ್ಬರಿಗೆ ಮಾತಿಲ್ಲ.

ನಾವು ಹೊರಡುವ ವಾರ ಅವಳದೇ ಫೋನು ಬಂತು.

"ಸುಧಾ, ಭಾನುವಾರ ಹೊಸ್ತು ಇಟ್ಕಂಡಿದೀನಿ. ಸುಮಿ, ಪಾಪು ಇಬ್ರನ್ನೂ ಕರ್ಕಂಡು ಬಾ."

ಹೊಸ್ತು ಎಂದರೆ ಹೊಸ ಭತ್ತದ ಅಕ್ಕಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮೊದಲ ಸಲ ಉಣ್ಣುವ ದಿನ. ಮನೆಯವರು ಎಲ್ಲೇ ಇದ್ದರೂ ಅವತ್ತು ಬರಬೇಕು. ನಾನು ಸುಮಿತ್ರಾಳ ಮುಖ ನೋಡಿದೆ. ಅವಳು ಹೊಸ ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಮಗಳು ಸಿಂಚನಾ ಹೋಂಸ್ಟೇ ವಿಷಯವನ್ನು ಇಡೀ ಶಾಲೆಗೆ ಸಾರಿ ಆಗಿತ್ತು.

"ಭಾನುವಾರ... ಆಫೀಸಲ್ಲಿ ಆಡಿಟ್ ಇದೆ ಚಿಕ್ಕಮ್ಮ."

"ಭಾನುವಾರ ಎಂಥ ಆಡಿಟ್ಟು ಮಾರಾಯ?"

"ದೆಹಲಿಯಿಂದ ಬರ್ತಿದಾರೆ."

ದೆಹಲಿ ನನ್ನ ಬಾಯಿಗೆ ಯಾಕೆ ಬಂತೋ ಗೊತ್ತಿಲ್ಲ. ಚಿಕ್ಕಮ್ಮ, "ಅಯ್ಯೋ ಪಾಪ. ಅಷ್ಟು ದೂರದಿಂದ ಬರೋರಿಗೆ ಊಟ ಗೀಟ ಸರಿಯಾಗಿ ಹಾಕಿಸ್ರೋ" ಎಂದು ಫೋನಿಟ್ಟಳು.

ಶನಿವಾರ ಮೊದಲ ಬಸ್ಸಿಗೆ ಹೊರಟು ಚಿಕ್ಕಮಗಳೂರಿನಲ್ಲಿ ಇಳಿದಾಗ ಹೋಂಸ್ಟೇಯ ಜೀಪು ಕಾಯುತ್ತಿತ್ತು. ಡ್ರೈವರ್ ಸುಂದರ ನಮ್ಮ ಬ್ಯಾಗು ಎತ್ತಿಕೊಂಡ. ನಾನು ಮುಂದಿನ ಸೀಟಿನಲ್ಲಿ ಮಂತ್ರಿಯಂತೆ ಕೂತು, ಹಿಂದಿದ್ದ ಹೆಂಡತಿ ಮಗಳಿಗೆ ನಾಡಿನ ಪರಿಚಯ ಮಾಡಿಸತೊಡಗಿದೆ. ಇದು ಸಿಲ್ವರ್ ಮರ. ಇದು ಮೆಣಸಿನ ಬಳ್ಳಿ. ಇಗೋ, ಇದೇ ವಸ್ತಾರೆ!

ವಸ್ತಾರೆ ಬಂತು. ಜೀಪು ನಿಲ್ಲಲಿಲ್ಲ.

ತೋಟ ಸ್ವಲ್ಪ ಮುಂದಿರಬೇಕು ಎಂದುಕೊಂಡೆ. ಆಲ್ದೂರು ಬಂತು. ನಿಲ್ಲಲಿಲ್ಲ. ಬಾಳೆಹೊನ್ನೂರು ಬಂತು. ಸುಂದರ ಇಳಿದು, ಟೀ ಕುಡಿದು, ಮತ್ತೆ ಹತ್ತಿದ. ನನ್ನ ನಾಡಿನ ಪರಿಚಯ ಆಗಲೇ ನಿಂತುಹೋಗಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ 'ಕಳಸ' ಎಂದು ಕಂಡಾಗ ಡ್ರೈವರ್ ಕಡೆ ತಿರುಗಿದೆ.

"ಸುಂದರ, ಸ್ಟೇ ಇರೋದು ವಸ್ತಾರೇಲಿ ಅಲ್ವಾ?"

"ಅದು ಆಫೀಸು ಸಾರ್. ಆಫೀಸಲ್ಲಿ ಯಾರಾದ್ರೂ ಮಲಗ್ತಾರಾ?"

ನಾನು ಮಲಗುತ್ತೇನೆ. ಆದರೆ ಅದನ್ನು ಹೇಳುವ ಸಮಯ ಅದಲ್ಲ.

"ಮತ್ತೆ ತೋಟ?"

"ಸಂಸೆ ಹತ್ರ ಸಾರ್. ನಿಮಗೆ ಎಲ್ಲಾ ಗೊತ್ತಂತೆ, ಗೌಡ್ರು ಹೇಳಿದ್ರು."

ಹಿಂದಿನಿಂದ ಸುಮಿತ್ರಾ ನನ್ನ ಅಂಗಿ ಜಗ್ಗಿದಳು. "ರೀ, ಇದು ಚಿಕ್ಕಮ್ಮನ ಊರಿನ ದಾರಿ ಅಲ್ವಾ?"

ನಾನು ಬ್ಯಾಗಿಗೆ ಕೈಹಾಕಿ, ಬೆಳಗಿನ ಚಳಿಗೆಂದು ತಂದಿದ್ದ ಕಂದು ಬಣ್ಣದ ಉಣ್ಣೆಯ ಮಂಕಿ ಟೋಪಿ ತೆಗೆದು ತಲೆಗೇರಿಸಿ, ಮೂಗಿನವರೆಗೆ ಎಳೆದುಕೊಂಡೆ. ಹೊರಗೆ ಸುಡುಬಿಸಿಲು.

"ಈಗ್ಲೂ ಏನಾಗಿಲ್ಲ" ಎಂದು ಸುಮಿತ್ರಾ ಪಿಸುಗುಟ್ಟಿದಳು. "ಕಳಸದಲ್ಲಿ ಇಳಿದು ನೇರ ಅವರ ಮನೆಗೆ ಹೋಗಿಬಿಡೋಣ. ಆಡಿಟ್ ಕ್ಯಾನ್ಸಲ್ ಆಯ್ತು ಅನ್ನಿ."

ಆ ಎರಡು ದಿನಗಳಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತೆಂದರೆ ಅದೊಂದೇ. ಆದ್ದರಿಂದ ನಾನು ಒಪ್ಪಲಿಲ್ಲ. "ನಿಂಗೆ ವೀಕೆಂಡ್ ಮಾಡಿಸ್ತೀನಿ ಅಂದ ಮೇಲೆ ಮಾಡಿಸ್ತೀನಿ!" ಎಂದೆ, ಟೋಪಿಯೊಳಗಿಂದ.

ಕಳಸದ ಪೇಟೆಯಲ್ಲಿ ಸುಂದರ ತರಕಾರಿಗೆಂದು ಜೀಪು ನಿಲ್ಲಿಸಿದ. ನಮ್ಮ ಕಡೆ ಜೀಪು ನಿಂತರೆ ಅದು ಯಾರದೆಂದು ಯಾರೂ ನೋಡುವುದಿಲ್ಲ, ಹತ್ತುತ್ತಾರೆ. ಒಬ್ಬ ಹೆಂಗಸು ಬುಟ್ಟಿ ಸಮೇತ ಹತ್ತಿ ಸುಮಿತ್ರಾಳ ಪಕ್ಕ ಕೂತಳು. ನಾನು ಕನ್ನಡಿಯಲ್ಲಿ ನೋಡಿದೆ. ಸರೋಜಕ್ಕ! ಚಿಕ್ಕಮ್ಮನ ನೆರೆಮನೆಯವಳು. ಪುಣ್ಯಕ್ಕೆ ಸುಮಿತ್ರಾಳನ್ನೂ ಮಗಳನ್ನೂ ಅವಳು ಎಂದೂ ಕಂಡಿರಲಿಲ್ಲ. ಅವಳ ಪೇರಳೆ ಮರದಿಂದ ಬಿದ್ದು ನಾನು ಕೈ ಮುರಿದುಕೊಂಡಿದ್ದೆ.

"ಹೋಂಸ್ಟೇಗಾ? ಒಳ್ಳೇದಾಯ್ತು" ಎಂದು ಸರೋಜಕ್ಕ ಮಾತು ತೆಗೆದಳು. "ಕುದುರೆಮುಖದ ಗಣಿ ಕಂಪನಿ ನಿಂತ ಮೇಲೆ ಈ ರೋಡಲ್ಲಿ ಜನವೇ ಇಲ್ಲ ನೋಡಿ. ಇವ್ರಿಗೆ ಎಂಥ ಆಗಿದೆ? ಈ ಬಿಸ್ಲಲ್ಲಿ ಟೋಪಿ?"

"ಕಿವಿನೋವು" ಎಂದಳು ಸುಮಿತ್ರಾ.

"ಅಪ್ಪಂಗೆ ಕಿವಿನೋವಿಲ್ಲ" ಎಂದಳು ಸಿಂಚನಾ.

"ಮಗೂಗೆ ತಿಳಿಯಲ್ಲ" ಎಂದಳು ಸುಮಿತ್ರಾ.

"ಬೆಳ್ಳುಳ್ಳಿ ಎಣ್ಣೆ ಬಿಡಿ" ಎಂದ ಸರೋಜಕ್ಕ ತನ್ನ ಸುದ್ದಿಗೆ ಬಂದಳು. "ನಾಳೆ ನಮ್ಮ ಪಕ್ಕದ ಮನೇಲಿ ಹೊಸ್ತು. ಗಿರಿಜಕ್ಕ ಅಂತ. ಅವ್ಳ ಅಕ್ಕನ ಮಗ ಬೆಂಗ್ಳೂರಲ್ಲಿ ದೊಡ್ಡ ಕೆಲ್ಸದಲ್ಲಿದಾನೆ. ಡಿಗ್ರಿ ಮಾಡಿದೋನು. ಪಾಪ, ಭಾನುವಾರನೂ ಬಿಡಲ್ವಂತೆ. ಅವನು ಕೂತು ಬರೀದೆ ಇದ್ರೆ ದೆಹಲಿಯೋರಿಗೆ ಲೆಕ್ಕವೇ ತಿಳಿಯಲ್ವಂತೆ! ನಿನ್ನೆಯಿಂದ ಗಿರಿಜಕ್ಕ ಅದನ್ನೇ ಊರಿಗೆಲ್ಲ ಹೇಳ್ತಿದಾಳೆ."

ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಕೇಳುವಾಗ ಟೋಪಿಯೊಳಗೆ ಬೆವರು ಧಾರಾಕಾರವಾಗಿ ಹರಿಯುತ್ತಿತ್ತು. ಸರೋಜಕ್ಕ ಇಳಿಯುವಾಗ ನನ್ನ ಭುಜ ತಟ್ಟಿ, "ಬೆಳ್ಳುಳ್ಳಿ ಎಣ್ಣೆ, ಮರೀಬೇಡಿ" ಎಂದಳು. ನಾನು ತಲೆಯಾಡಿಸಿದೆ.

ಹೋಂಸ್ಟೇ ಚೆನ್ನಾಗಿತ್ತು. ಅದನ್ನು ಸುಮಿತ್ರಾ ಹೇಳಿದ್ದು, ನಾನು ನೋಡಲಿಲ್ಲ. ಟೋಪಿ ಕಣ್ಣಿಗೆ ಬಂದಿತ್ತು. ಇತ್ತೀಚೆಗಷ್ಟೇ ಆ ತೋಟ ಕೊಂಡು ಬಂದಿದ್ದ ಉಮೇಶ ಗೌಡರು ಕಾಫಿ ಕೊಟ್ಟು ಎದುರಿಗೆ ಕೂತು, ಮಲೆನಾಡಿನವರು ಯಾರನ್ನೇ ಕಂಡರೂ ಮೊದಲು ಕೇಳುವುದನ್ನು ಕೇಳಿದರು.

"ಈ ಕಡೆಯೋರೇ ಅಂದ್ರಿ. ಯಾವ ಊರು ಸಾರ್, ಯಾರ ಮನೆ?"

"ತರೀಕೆರೆ" ಎಂದೆ. ಆದಷ್ಟು ದೂರ ಹೋಗಲು ನೋಡಿದ್ದೆ.

"ಹೌದಾ! ನನ್ನ ಹೆಂಡ್ತಿ ತವರು ತರೀಕೆರೆ! ಏ, ಬಾ ಇಲ್ಲಿ, ನಿಮ್ಮೂರೋರು ಬಂದಿದಾರೆ!"

ಒಳಗಿನಿಂದ ಆ ತಾಯಿ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಯಾವ ಬೀದಿ ಎಂದರು. ನಾನು, ತರೀಕೆರೆಯೆಂದರೆ ಪೇಟೆಯಲ್ಲ, ಹಳ್ಳಿ ಎಂದೆ. ಯಾವ ಹಳ್ಳಿ ಎಂದರು. ಹಳ್ಳಿಯೆಂದರೆ ಪೂರ್ತಿ ಹಳ್ಳಿಯಲ್ಲ, ಚಿಕ್ಕಂದಿನಲ್ಲೇ ಬಿಟ್ಟೆವು ಎಂದೆ. ಅವರ ಮುಖದ ಸಂತೋಷ ನಿಧಾನವಾಗಿ ಅನುಮಾನವಾಯಿತು. ಅಷ್ಟರಲ್ಲಿ ಜಗಲಿಯ ತುದಿಯಲ್ಲಿದ್ದ ಸಿಂಚನಾ ಕೂಗಿದಳು. "ಅಪ್ಪಾ! ಅಲ್ನೋಡು, ಚಿಕ್ಕಜ್ಜಿ ಮನೆ ಥರಾನೇ ಮನೆ!"

ಗದ್ದೆ ಬಯಲಿನಾಚೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಹಂಚಿನ ಮನೆ. ಅಂಗಳದಲ್ಲಿ ಒಬ್ಬ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗುಡಿಸುತ್ತಿದ್ದಳು. ಆ ಗುಡಿಸುವ ರಭಸ ನನಗೆ ಚೆನ್ನಾಗಿ ಗೊತ್ತು. ನಾನು ಮಗಳನ್ನು ಎತ್ತಿಕೊಂಡು ರೂಮಿನೊಳಗೆ ಓಡಿದೆ.

ಅಲ್ಲಿಂದ ಮುಂದೆ ನನ್ನ ವೀಕೆಂಡು ಕಿಟಕಿ ಪರದೆಯ ಸಂದಿನಲ್ಲಿ ಕಳೆಯಿತು. ಸುಮಿತ್ರಾ ಕಡುಬು ತಿಂದಳು, ಅಕ್ಕಿರೊಟ್ಟಿ ತಿಂದಳು, ಕೈ ತೊಳೆದು ಬಂದು ಮತ್ತೆ ಕೂತು ತಿಂದಳು. "ಅಂತೂ ಚೆನ್ನಾಗಿದೆ ರೀ" ಎಂದು ನನ್ನ ಮುಖ ನೋಡದೆ ಹೇಳಿದಳು.

ಭಾನುವಾರ ಬೆಳಿಗ್ಗೆ ಕಾಫಿ ಕೊಯ್ಲಿನ ಕಾರ್ಯಕ್ರಮ. ಬಂದವರ ಸೊಂಟಕ್ಕೆ ಚೀಲ ಕಟ್ಟಿ ತೋಟಕ್ಕೆ ಬಿಡುವುದು. ಬೆಂಗಳೂರಿನಿಂದ ಬಂದಿದ್ದ ಇನ್ನೊಂದು ಸಂಸಾರ ಒಂದೊಂದು ಹಣ್ಣಿಗೂ ಫೋಟೋ ತೆಗೆಸಿಕೊಳ್ಳುತ್ತಿತ್ತು. ನನಗೆ ಗುಟ್ಟು ಕಾಯುವುದೇ ಕೆಲಸ. ಕೊಯ್ಯುವ ಹೆಣ್ಣಾಳುಗಳಲ್ಲಿ ಯಾರಾದರೂ ಗುರುತು ಹಿಡಿದಾರೆಂದು ದೂರದ ಸಾಲಿಗೆ ಹೋಗಿ, ಹಿಂದೆ ಮುಂದೆ ನೋಡುತ್ತಾ, ಕೈಗೆ ಸಿಕ್ಕ ರೆಂಬೆಯನ್ನೆಲ್ಲ ಸರಕ್ಕನೆ ಎಳೆದೆ. ಹಣ್ಣು, ಕಾಯಿ, ಎಲೆ ಎಲ್ಲ ಒಟ್ಟಿಗೇ ಬಂತು. ಮೇಸ್ತ್ರಿ ಕೂಗಿದ. "ಏ ಸಾರ್! ಹಸಿರು ಕಾಯಿ ಕೀಳಬೇಡಿ! ಕಾಫಿ ಗಿಡವೇ ನೋಡಿಲ್ವಾ ನೀವು?"

"ಇಲ್ಲ" ಎಂದೆ. ಸತ್ಯ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಂಜೆ ಬಸ್ಸು ಹತ್ತಿಬಿಟ್ಟರೆ ಗೆದ್ದಂತೆ ಎಂದು ಲೆಕ್ಕ ಹಾಕುತ್ತಿದ್ದಾಗ ಉಮೇಶ ಗೌಡರು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದರು.

"ನಿಮ್ಮ ಅದೃಷ್ಟ ನೋಡಿ! ಪಕ್ಕದ ಗಿರಿಜಕ್ಕನ ಮನೇಲಿ ಇವತ್ತು ಹೊಸ್ತು. ಅವ್ರ ಹುಡ್ಗ ಬೆಂಗ್ಳೂರಿಂದ ಬರ್ಬೇಕಿತ್ತು, ಬರಕ್ಕಾಗ್ಲಿಲ್ಲ. 'ಬೆಂಗ್ಳೂರೋರೇ ಇದಾರಲ್ಲ ನಿಮ್ಮನೇಲಿ, ಅಷ್ಟೂ ಜನ ಊಟಕ್ಕೆ ಕರ್ಕಂಡು ಬಾ, ನಮ್ಮ ಹುಡ್ಗನೇ ಉಂಡಂಗಾಯ್ತು' ಅಂತ ಹೇಳಿ ಕಳಿಸಿದಾರೆ. ನಡೀರಿ!"

ಸುಮಿತ್ರಾ ನನ್ನ ಕಡೆ ನೋಡಿದಳು. ನಾನು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದೆ.

"ಏನಾಯ್ತು ಸಾರ್?"

"ಹೊಟ್ಟೆ... ತಡೆಯಕ್ಕಾಗ್ತಿಲ್ಲ."

"ಹಾಗಾದ್ರೆ ಮೇಡಂ, ಮಗು ಬರ್ಲಿ" ಎಂದರು ಗೌಡರು. ಚಿಕ್ಕಮ್ಮ ಸುಮಿತ್ರಾಳನ್ನು ನನಗಿಂತ ಚೆನ್ನಾಗಿ ಬಲ್ಲಳು. ನಾನು ಸುಮಿತ್ರಾಳ ಕಾಲು ತುಳಿದೆ. ಅವಳೂ ಹೊಟ್ಟೆ ಹಿಡಿದುಕೊಂಡಳು. ಗೌಡರ ಮುಖ ಬಿಳಿಚಿಕೊಂಡಿತು. ತಮ್ಮ ಹೋಂಸ್ಟೇಯಲ್ಲಿ ಊಟ ಮಾಡಿದ ಒಂದು ಸಂಸಾರವೇ ಉರುಳುತ್ತಿದೆ!

"ಪಾಪು, ನಿಂಗೂ ನೋವಾ?"

"ನಂಗೆ ಹಸಿವು" ಎಂದಳು ಸಿಂಚನಾ.

"ಅದೂ ಇದೇ ಕಾಯಿಲೆ ಲಕ್ಷಣ" ಎಂದು ನಾನು ನರಳಿದೆ.

ನಮ್ಮನ್ನು ಮಲಗಿಸಿ, ಜೀರಿಗೆ ಕಷಾಯ ಕುಡಿಸಿ, ಗೌಡರು ಉಳಿದವರೊಂದಿಗೆ ಹೊರಟರು. ಬಾಗಿಲು ಮುಚ್ಚಿದ ಮೇಲೆ ಸುಮಿತ್ರಾ ಎದ್ದು ಕೂತಳು.

"ಪಕ್ಕದ ಮನೇಲಿ ಹಬ್ಬದೂಟ. ನಾವಿಲ್ಲಿ ಕಷಾಯ. ಇದೇನಾ ರೀ ವೀಕೆಂಡು?"

"ಸಂಜೆವರೆಗೆ ತಡ್ಕೋ ಕಣೇ. ಬಸ್ಸು ಹತ್ತಿದ್ರೆ ಮುಗೀತು."

"ಹೋಗಿ ಕಾಲಿಗೆ ಬೀಳಿ ಅಂದ್ರೆ ಬೀಳಲ್ಲ. ಅವ್ರು ನಿಮ್ಮನ್ನ ಮಗ ಅಂತಾರೆ ರೀ."

ಅದೇ ಕಷ್ಟ. ಅಣ್ಣನೊಂದಿಗೇ ಮಾತು ಬಿಟ್ಟವಳು, ಮಗ ಎಂದುಕೊಂಡವನನ್ನು ಬಿಡುತ್ತಾಳೆಯೇ? ನಾನು ಕಂಬಳಿ ಮೇಲೆಳೆದುಕೊಂಡೆ. ಬೇಡಬೇಡವೆಂದರೂ ಚಟ್ನಿಪುಡಿ ಡಬ್ಬಿ ಕಣ್ಣ ಮುಂದೆ ಬಂತು.

ಅಂಗಳದಲ್ಲಿ ಹೆಜ್ಜೆ ಸಪ್ಪಳ. ಆಮೇಲೆ ಆ ದನಿ.

"ಹೊಸ್ತಿನ ದಿನ ಪಕ್ಕದಲ್ಲಿ ಮೂರು ಜೀವ ಉಪವಾಸ ಮಲಗದಾ ಉಮೇಶ? ನೀನು ಅದನ್ನ ಹೇಳಿ ಆರಾಮಾಗಿ ಎಲೆ ಮುಂದೆ ಕೂತ್ಕಂಡ್ಯಲ್ಲ! ಹೊಸಕ್ಕಿ ಗಂಜಿ ತಂದಿದೀನಿ, ಸರಿ ಹೋಗ್ತಾರೆ. ಎಲ್ಲಿದಾರೆ?"

ಬಾಗಿಲು ತೆರೆಯಿತು. ಮೂವರೂ ಕಂಬಳಿಯೊಳಗೆ ಹೊಕ್ಕೆವು. ಮಂಕಿ ಟೋಪಿಯನ್ನು ಗಲ್ಲದವರೆಗೆ ಎಳೆದುಕೊಂಡೆ. ಹೆಜ್ಜೆಗಳು ಹತ್ತಿರ ಬಂದವು. ಪಾತ್ರೆಯ ಮುಚ್ಚಳ ತೆಗೆದ ಸದ್ದು. ಗಂಜಿಯ ಜೊತೆ ಇನ್ನೇನೋ ತಂದಿದ್ದಳು. ಬೆಲ್ಲ, ಏಲಕ್ಕಿ, ತೆಂಗಿನಹಾಲಿನ ಪರಿಮಳ ಕಂಬಳಿಯನ್ನು ಭೇದಿಸಿ ಒಳಗೆ ಬಂತು. ನಾನು ತಡೆದುಕೊಂಡೆ. ಸುಮಿತ್ರಾ ತಡೆದುಕೊಂಡಳು.

"ಚಿಕ್ಕಜ್ಜೀ! ಪಾಯಸನಾ?" ಎಂದು ಸಿಂಚನಾ ಎದ್ದು ಕೂತಳು.

ಯಾರೋ ನನ್ನ ಕಂಬಳಿ ಸರಿಸಿದರು. ಟೋಪಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಮೇಲಕ್ಕೆಳೆದರು. ಗಲ್ಲ, ಬಾಯಿ, ಮೂಗು, ಕಣ್ಣು. ಎದುರಿಗೆ ಚಿಕ್ಕಮ್ಮ.

"ಆಡಿಟ್ ಮುಗೀತಾ?" ಎಂದಳು.

ಸುಮಿತ್ರಾ ಗೋಡೆ ಕಡೆ ತಿರುಗಿಕೊಂಡಳು.

"ನಿಮಗೆ ಪರಿಚಯನಾ ಗಿರಿಜಕ್ಕ?" ಎಂದು ಗೌಡರು ಬೆರಗಾದರು. "ಇವ್ರು ತರೀಕೆರೆ ಕಡೆಯೋರು."

"ಹೌದಾ?" ಚಿಕ್ಕಮ್ಮ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. "ತರೀಕೆರೇಲಿ ಯಾರ ಮನೆ?"

ಆಗ ನನಗೆ ನಿಜವಾಗಿಯೂ ಹೊಟ್ಟೆನೋವು ಶುರುವಾಯಿತು.

ಗೌಡರಿಗೆ ಏನೋ ಎಡವಟ್ಟಾಗಿದೆಯೆಂದು ಹೊಳೆದಿರಬೇಕು. ವಾತಾವರಣ ತಿಳಿಮಾಡಲು ಪಾಪ ಅವರಿಗೆ ತೋಚಿದ್ದು ಒಂದೇ. ಹೊರಡುವ ಅತಿಥಿಗಳಿಗೆ ಕೊಡಲೆಂದು ಅಚ್ಚು ಹಾಕಿಸಿದ್ದ ಸರ್ಟಿಫಿಕೇಟು ತಂದರು. ದಪ್ಪ ಹಾಳೆ, ಬಂಗಾರದ ಅಂಚು, ಮೂಲೆಯಲ್ಲಿ ಕಾಫಿ ಗಿಡದ ಚಿತ್ರ. ನನ್ನ ಹೆಸರು ಬರೆದು ಆಗಿತ್ತು. "ಗಿರಿಜಕ್ಕ, ನೀವೇ ಹಿರಿಯರು, ನಿಮ್ಮ ಕೈಯಿಂದಲೇ ಕೊಟ್ಟುಬಿಡಿ" ಎಂದರು.

ಚಿಕ್ಕಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಂದೆ ಹಿಡಿದಳು. "ಕನ್ನಡಕ ತಂದಿಲ್ಲ. ಓದು."

ನಮ್ಮ ವಂಶದ ಮೊಟ್ಟಮೊದಲ ಪದವೀಧರ ಹಾಸಿಗೆಯ ಮೇಲೆ ಕೂತು, ಬೆವರಿಗೆ ಅಂಟಿದ ತಲೆಗೂದಲಿನಲ್ಲಿ, ಗಟ್ಟಿಯಾಗಿ ಓದಿದ. "ಶ್ರೀ ಸುಧಾಕರ ಅವರು ಇದೇ ಪ್ರಥಮ ಬಾರಿಗೆ ಮಲೆನಾಡಿಗೆ ಆಗಮಿಸಿ, ಇಲ್ಲಿಯ ಜನರ ಪರಿಚಯ ಮಾಡಿಕೊಂಡು, ಕಾಫಿ ಗಿಡವನ್ನು ಗುರುತಿಸಲು ಕಲಿತಿದ್ದಾರೆಂದು ದೃಢೀಕರಿಸಲಾಗಿದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಚಿಕ್ಕಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು, ದೊಡ್ಡ ಸಭೆಯಲ್ಲಿ ಕೊಡುವವರಂತೆ ನನ್ನ ಕೈಗಿತ್ತಳು.

"ನಮ್ಮ ಹುಡ್ಗಂಗೆ ಅಂತ ಹಾಕಿದ ಎಲೆ ಹಂಗೇ ಖಾಲಿ ಇದೆ" ಎಂದಳು. "ಗೆಸ್ಟಾದ್ರೂ ಪರ್ವಾಗಿಲ್ಲ, ಬಂದು ಕೂತ್ಕಳಿ ಸಾರ್."